ಆನೆಗೊಂದಿಗೆ ಇಪ್ಪತ್ತೈದು ನಿಮಿಷ ಸಾಲದು: ಶಾಲಾ ಪ್ರವಾಸ ತರುವ ಮುಖ್ಯಗುರುಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ಡಿಸೆಂಬರ್ ಬಂತೆಂದರೆ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹಂಪಿ, ಅಂಜನಾದ್ರಿ ಕಡೆ ಹೊರಡುವ ಪ್ರಾಥಮಿಕ ಹಾಗೂ ಪ್ರೌಢಶಾಲೆಗಳ ಮುಖ್ಯಗುರುಗಳು ಮತ್ತು ಪ್ರವಾಸದ ಹೊಣೆ ಹೊತ್ತ ಶಿಕ್ಷಕ, ಶಿಕ್ಷಕಿಯರು.

ವಿಷಯ: ಆನೆಗೊಂದಿಯ ಊರು ಮತ್ತು ಕೋಟೆ ಗುಡ್ಡಕ್ಕೆ ಅರ್ಧ ದಿನ ಮೀಸಲಿಡುವ ಕುರಿತು.

ಮಾನ್ಯರೇ,

ನಿಮ್ಮ ಬಸ್ಸಿನ ಮುಂದಿನ ಗಾಜಿಗೆ ಅಂಟಿಸಿದ ಹಾಳೆಯಿಂದಲೇ ಶುರು ಮಾಡುತ್ತೇವೆ. ರಾತ್ರಿಯೆಲ್ಲ ಪ್ರಯಾಣ, ಬೆಳಿಗ್ಗೆ ಹಂಪಿ, ಮಧ್ಯಾಹ್ನ ಎಲ್ಲೋ ಮರದಡಿ ಪಲಾವು, ಮೂರಕ್ಕೆ ಅಂಜನಾದ್ರಿ, ಆಮೇಲೆ ಪಂಪಾ ಸರೋವರ, ಅದರ ಕೆಳಗೆ ಒಂದು ಸಾಲು: ‘ಆನೆಗೊಂದಿ, 25 ನಿ.’ ಕೊನೆಗೆ ತುಂಗಭದ್ರಾ ಡ್ಯಾಮಿನ ಸಂಗೀತ ಕಾರಂಜಿ. ಈ ಕಾರಂಜಿಯೇ ಎಲ್ಲ ಅವಸರದ ಮೂಲ. ಆನೆಗೊಂದಿಯಿಂದ ಡ್ಯಾಮಿಗೆ ಏನಿಲ್ಲವೆಂದರೂ ತಾಸಿನ ದಾರಿ. ಹಾಗಾಗಿ ಮಕ್ಕಳು ಬಸ್ಸಿಳಿದು ಕಾಲು ಚಾಚುವಷ್ಟರಲ್ಲಿ ಚಾಲಕರು ಹಾರ್ನ್ ಬಾರಿಸುತ್ತಾರೆ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿಳಿದ ಕಾಲುಗಳಿಗೂ ಇನ್ನೊಂದು ಗುಡ್ಡ ಬೇಡವಾಗಿರುತ್ತದೆ. ತೇರಿನ ಮುಂದೊಂದು ಗುಂಪು ಫೋಟೊ, ಅಂಗಡಿಯಲ್ಲಿ ಕುರುಕಲು ತಿಂಡಿ, ತಲೆ ಎಣಿಕೆ, ಹೊರಟಿತು ಬಸ್ಸು. ವಿಜಯನಗರಕ್ಕಿಂತ ಹಳೆಯ ರಾಜಧಾನಿಯೊಂದನ್ನು ನೋಡಿದೆವು ಎಂದು ಮಕ್ಕಳು ಪ್ರಬಂಧ ಬರೆಯುತ್ತಾರೆ. ಅವರು ನೋಡಿದ್ದು ಒಂದು ಬಸ್ ನಿಲ್ದಾಣ.

ಇದು ನಿಮ್ಮೊಬ್ಬರ ತಪ್ಪಲ್ಲ ಎಂಬುದು ಗೊತ್ತು. ‘ಒಂದೇ ದಿನಕ್ಕೆ ಹನ್ನೆರಡು ಪಾಯಿಂಟ್’ ಎಂದು ಬಸ್ಸಿನವರು ಬಾಡಿಗೆ ಕುದುರಿಸುತ್ತಾರೆ, ಪಾಲಕರೂ ಕೊಟ್ಟ ದುಡ್ಡಿಗೆ ಎಷ್ಟು ಜಾಗ ತೋರಿಸಿದಿರಿ ಎಂದೇ ಕೇಳುತ್ತಾರೆ. ಆದರೆ ಹಾಳೆ ಬರೆಯುವ ಪೆನ್ನು ನಿಮ್ಮ ಕೈಯಲ್ಲಿದೆ. ಅದಕ್ಕೇ ಈ ಪತ್ರ ನಿಮಗೆ.

ಆನೆಗೊಂದಿ ಎಂಥ ಜಾಗ ಎಂಬುದನ್ನು ಐನೂರು ವರ್ಷದ ಹಿಂದೆಯೇ ಒಬ್ಬ ಹೊರಗಿನವನು ಸರಿಯಾಗಿ ಕಂಡಿದ್ದ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಿಸ್ ತುಂಗಭದ್ರಾ ಹೊಳೆಯ ಬಡಗಣ ದಡದ ಈ ಊರಿನ ಬಗ್ಗೆ ಬರೆದಿಟ್ಟಿದ್ದಾನೆ: ಹಿಂದೆ ರಾಜಧಾನಿ ಇದೇ ಆಗಿತ್ತಂತೆ, ಈಗ ಇಲ್ಲಿ ಜನ ಕಡಿಮೆ, ಗೋಡೆಗಳು ಮಾತ್ರ ಇನ್ನೂ ಗಟ್ಟಿಯಾಗಿವೆ, ಎರಡು ಗುಡ್ಡಗಳ ನಡುವೆ ಸಿಕ್ಕಿಕೊಂಡ ಊರಿಗೆ ಎರಡೇ ದಾರಿ, ರಾಜನ ಕಡೆಯ ದಳವಾಯಿಯೊಬ್ಬ ಇಲ್ಲಿರುತ್ತಾನೆ. ಗಮನಿಸಿ, ಆಚೆ ದಡದಲ್ಲಿ ಕೃಷ್ಣದೇವರಾಯನ ಪಟ್ಟಣ ಗಿಜಿಗುಡುತ್ತಿದ್ದ ಕಾಲದಲ್ಲೇ ಈಚೆ ದಡದ ಆನೆಗೊಂದಿ ‘ಹಳೇ ಊರು’ ಆಗಿತ್ತು. ‘ಎರಡೇ ದಾರಿ’ ಎಂಬ ಆ ಒಂದು ಮಾತಿನಲ್ಲಿ ಇಡೀ ಕೋಟೆಯ ಗುಟ್ಟಿದೆ. ಆ ಗುಟ್ಟು ಬಸ್ಸಿನ ಕಿಟಕಿಯಿಂದ ಕಾಣುವುದಿಲ್ಲ. ಗುಡ್ಡ ಹತ್ತಿ ತಿರುಗಿ ನೋಡಬೇಕು.

ಊರಿನಿಂದ ಪಂಪಾ ಸರೋವರದ ಕಡೆಗೆ ಹೋಗುವ ರಸ್ತೆಯಲ್ಲಿ ಒಳಕ್ಕೆ ತಿರುಗಿ ಏರಿದರೆ ದುರ್ಗಾದೇವಿಯ ಗುಡಿ ಸಿಗುತ್ತದೆ. ಈ ಭಾಗದವರ ಬಾಯಲ್ಲಿ ಇದು ಮೇಗೋಟ, ಅಂದರೆ ಮೇಲಿನ ಕೋಟೆ. ವಾಲಿಕಿಲ್ಲಾ ಎಂಬುದೂ ಇದಕ್ಕೇ. ಗುಡಿಯಂಗಳದ ಮರದಲ್ಲಿ ಬಣ್ಣದ ಬಟ್ಟೆಯಲ್ಲಿ ಸುತ್ತಿದ ಹರಕೆಯ ತೆಂಗಿನಕಾಯಿಗಳು ಜೋತುಬಿದ್ದಿರುತ್ತವೆ. ಮಕ್ಕಳು ಎಳೆದಾಡದಂತೆ ಮೊದಲೇ ಹೇಳಿಟ್ಟಿರಿ. ಕಟ್ಟಿದವರ ಮನೆಯಲ್ಲಿ ಏನೋ ಒಂದು ಆಗಬೇಕಾದ್ದು ಇನ್ನೂ ಆಗದೆ ಉಳಿದಿರುತ್ತದೆ. ಗುಡಿ ದಾಟಿದರೆ ಕೋಟೆ ಬಾಗಿಲು. ಇಲ್ಲಿ ದಯವಿಟ್ಟು ಹತ್ತು ನಿಮಿಷ ನಿಲ್ಲಿ.

ಮೊದಲು ಕಲ್ಲು ಮುಟ್ಟಿಸಿ. ದೊಡ್ಡ ಕಲ್ಲುಗಳ ಅಂಚಿನಲ್ಲಿ ಮೂರು ನಾಲ್ಕು ಬೆರಳಗಲದ ಗುಳಿಗಳ ಸಾಲು ಕಾಣುತ್ತದೆ, ಯಾರೋ ಬಂಡೆಯನ್ನು ಕಚ್ಚಿ ಬಿಟ್ಟಂತೆ. ಬಂಡೆ ಸೀಳಿದ ಗುರುತು ಅದು. ಸೀಳಬೇಕಾದ ಗೆರೆಯುದ್ದಕ್ಕೂ ಉಳಿಯಿಂದ ಗುಳಿ ಕಡಿದು, ಪ್ರತಿ ಗುಳಿಗೂ ಬೆಣೆ ಇಟ್ಟು, ಒಂದಾದ ಮೇಲೊಂದರಂತೆ ಸರದಿಯಲ್ಲಿ ಬಡಿಯುತ್ತ ಹೋದರೆ ಬಂಡೆ ಆ ಗೆರೆಗೇ ಬಾಯಿ ಬಿಡುತ್ತದೆ. ಹಾಗೆ ಎರಡಾದ ಕಲ್ಲಿನಲ್ಲಿ ಅರ್ಧ ಗುಳಿ ಈ ತುಂಡಿಗೆ, ಅರ್ಧ ಆ ತುಂಡಿಗೆ. ಎಲ್ಲೋ ಗೆರೆ ಹಾಕಿ ಗುಳಿ ಕಡಿದು ಹಾಗೆಯೇ ಕೈಬಿಟ್ಟ ಬಂಡೆಗಳೂ ಗುಡ್ಡದಲ್ಲಿ ಸಿಗುತ್ತವೆ. ಅಂಥದ್ದೊಂದನ್ನು ಹುಡುಕುವ ಕೆಲಸವನ್ನು ಮಕ್ಕಳಿಗೇ ಬಿಡಿ. ಯಾವ ಭಾಷಣವೂ ಅಷ್ಟು ಕಲಿಸುವುದಿಲ್ಲ.

ಆಮೇಲೆ ಗೋಡೆ. ಇದರಲ್ಲಿ ಗಾರೆಯಿಲ್ಲ. ಹೊರಮೈಯ ಕಲ್ಲುಗಳು ಮುಂದೆ ಅಗಲ, ಹಿಂದಕ್ಕೆ ಹೋದಂತೆ ಬೆಣೆಯ ಹಾಗೆ ಕಿರಿದು. ಅವುಗಳ ಬಾಲ ಒಳಗಿನ ಮಣ್ಣು ಗರಸಿನ ತುಂಬಿನಲ್ಲಿ ಹೂತಿರುತ್ತದೆ. ಮೇಲಿನ ಭಾರವೇ ಕೆಳಗಿನದನ್ನು ಅದುಮಿ ಹಿಡಿದಿದೆ. ಎರಡು ದೊಡ್ಡ ಕಲ್ಲುಗಳ ಸಂದಿಯಲ್ಲಿ ತುರುಕಿದ ಸಣ್ಣ ಚಕ್ಕೆಗಳು ಬರೀ ತೇಪೆ ಅಂದುಕೊಳ್ಳಬೇಡಿ. ಭಾರ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವುದೇ ಅವು. ಒಂದು ಚಕ್ಕೆ ಕಿತ್ತರೆ ಮೇಲಿನ ಕಲ್ಲು ಕೂದಲೆಳೆಯಷ್ಟು ಓಲುತ್ತದೆ, ಆ ಬಿರುಕಿಗೆ ಮಳೆನೀರು ಇಳಿದು ಒಳಗಿನ ಮಣ್ಣನ್ನು ತೊಳೆಯುತ್ತದೆ, ಖಾಲಿಯಾದ ಜಾಗದಲ್ಲಿ ಹಕ್ಕಿ ಹಾಕಿದ ಅರಳಿ ಬೀಜ ಮೊಳೆಯುತ್ತದೆ. ಹತ್ತಿಪ್ಪತ್ತು ಮಳೆಗಾಲ ಕಳೆದ ಮೇಲೆ ಒಂದು ರಾತ್ರಿ ಗೋಡೆ ಹೊಟ್ಟೆಯುಬ್ಬಿ ಕುಸಿಯುತ್ತದೆ. ಆಗ ಎಲ್ಲರೂ ಮಳೆಯನ್ನು ಬೈಯುತ್ತಾರೆ. ಮೊದಲ ಚಕ್ಕೆ ಕಿತ್ತ ಕೈ ಯಾರಿಗೂ ನೆನಪಿರುವುದಿಲ್ಲ.

ಆ ಕೈ ಬಹಳ ಸಲ ಶಾಲೆಯ ಮಗುವಿನದು ಎಂಬುದು ನಮ್ಮ ಮುಖ್ಯ ದೂರು. ಬೆಟ್ಟದ ಮೇಲೆ ಕಲ್ಲಿನ ಮೇಲೆ ಕಲ್ಲಿಟ್ಟರೆ ಸ್ವಂತ ಮನೆ ಕಟ್ಟುವ ಯೋಗ ಬರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಹರಕೆಗೆ ನಮ್ಮ ತಕರಾರಿಲ್ಲ. ಆದರೆ ಐವತ್ತು ಮಕ್ಕಳು ಏಕಕಾಲಕ್ಕೆ ಐವತ್ತು ಮನೆ ಕಟ್ಟಲು ನಿಂತರೆ ಚಪ್ಪಟೆ ಕಲ್ಲು ಎಲ್ಲಿಂದ ಬರಬೇಕು? ಕೈಗೆ ನಿಲುಕುವ ಕೋಟೆ ಗೋಡೆಯಿಂದಲೇ. ‘ಇಲ್ಲಿ ಮನೆ ಕಟ್ಟುವುದು ಬೇಡ, ಇದು ಇನ್ನೊಬ್ಬರು ಕಟ್ಟಿದ ಮನೆ’ ಎಂದು ಬಸ್ಸಿಳಿಯುವ ಮೊದಲೇ ಒಂದು ಮಾತು ಹೇಳಿ. ಸಾಕು.

ಇನ್ನು ಬಾಗಿಲಿನ ದಾರಿ ನೇರ ಏಕಿಲ್ಲ ಎಂದು ಮಕ್ಕಳನ್ನೇ ಕೇಳಿ. ಒಬ್ಬರಾದರೂ ‘ಜಾಗ ಇರಲಿಲ್ಲ ಸರ್’ ಅನ್ನುತ್ತಾರೆ. ಬಾಗಿಲೊಡೆಯಲು ಬರುವ ಆನೆಗೆ ಓಡಿಬಂದು ಗುದ್ದುವಷ್ಟು ನೇರ ದಾರಿ ಸಿಗಬಾರದು, ತಿರುವಿನಲ್ಲಿ ನಿಧಾನವಾದವನ ಮೈ ಮೇಲಿನ ಕಾವಲಿನವರಿಗೆ ಗುರಿಯಾಗಬೇಕು, ಅದಕ್ಕೇ ಕೋಟೆ ಬಾಗಿಲಿನ ದಾರಿಯನ್ನು ಮುರಿದು ಕಟ್ಟುತ್ತಾರೆ. ಚೌಕಟ್ಟಿನ ಮೇಲೂ ಕೆಳಗೂ ಇರುವ ಗುಂಡು ಗುಳಿಗಳಲ್ಲಿ ಕದದ ತಿರುಗಣಿ ಕೂರುತ್ತಿತ್ತು. ಪಕ್ಕದ ಗೋಡೆಯ ಚೌಕ ತೂತಿನೊಳಕ್ಕೆ ಕದಕ್ಕೆ ಒಳಗಿನಿಂದ ಅಡ್ಡ ಹಾಕುವ ಲಾಳವಿಂಡಿಗೆಯ ಮರದ ತೊಲೆ ಸರಿಯುತ್ತಿತ್ತು. ಕದ ಹೋಗಿ ಎಷ್ಟೋ ಕಾಲವಾಯಿತು, ಗುಳಿ ಉಳಿದಿದೆ. ಆ ಗುಳಿಯಲ್ಲಿ ಕೈಯಿಟ್ಟ ಮಗುವಿಗೆ ಕದ ಕಾಣುತ್ತದೆ.

ಒಳಗೆ ಹೋದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ನೀರೆಲ್ಲಿ? ಮುತ್ತಿಗೆ ಬಿದ್ದರೆ ಹೊಳೆ ಶತ್ರುವಿನದು. ಮಳೆನೀರು ಜಾರುವ ಬಂಡೆಯ ಓಟ ನೋಡಿ, ಅದು ಸೇರುವ ಕುಳಿಗೆ ಅಡ್ಡ ಕಟ್ಟಿ ದೊಣೆ ಮಾಡಿಕೊಳ್ಳುವುದು ನಮ್ಮ ಗುಡ್ಡದ ಕೋಟೆಗಳ ಹಳೆಯ ಪದ್ಧತಿ. ಇದೇ ದೊಣೆಗಳು ಮಕ್ಕಳಿಗೆ ಅಪಾಯದ ಜಾಗವೂ ಹೌದು. ಅಂಚಿನ ಬಂಡೆ ಒಳಮುಖವಾಗಿ ಇಳಿಜಾರು, ಮೇಲೆ ಪಾಚಿ, ನೀರು ಹಸಿರಾಗಿ ಆಳ ತಿಳಿಯುವುದಿಲ್ಲ. ಜಾರಿದವರಿಗೆ ಹಿಡಿದು ಮೇಲೆ ಬರಲು ಅಂಚೇ ಸಿಗುವುದಿಲ್ಲ. ಹತ್ತು ಹೆಜ್ಜೆ ದೂರ ಒಬ್ಬ ಶಿಕ್ಷಕರು ನಿಂತಿರಲಿ, ಅವರನ್ನು ದಾಟಿ ಯಾರೂ ಹೋಗಬಾರದು. ವಾಲಿಯ ಗವಿ ಎಂದು ತೋರಿಸುವ ಬಂಡೆಸಂದಿಗೂ ಒಮ್ಮೆಗೆ ಐದಾರು ಮಕ್ಕಳಿಗಿಂತ ಹೆಚ್ಚು ಬೇಡ. ಕೈಯಲ್ಲಿ ಟಾರ್ಚ್ ಇರಲಿ, ಕೂಗಾಟ ಬೇಡ. ಬಾವಲಿಗಳು ಎದ್ದರೆ ಮಕ್ಕಳು ಗಾಬರಿಯಿಂದ ಹಿಂದಕ್ಕೆ ನುಗ್ಗುತ್ತಾರೆ, ಹಿಂದಿದ್ದವರು ಬಂಡೆಗೆ ಬಡಿದುಕೊಳ್ಳುತ್ತಾರೆ.

ಮೇಲಿನಿಂದ ಕಾಣುವುದನ್ನು ನಾವು ವರ್ಣಿಸುವುದಿಲ್ಲ. ಹೊಳೆ, ಬಾಳೆ ತೋಟ, ಭತ್ತದ ಗದ್ದೆ, ಗುಡ್ಡದಿಂದ ಗುಡ್ಡಕ್ಕೆ ಎಳೆದ ಗೋಡೆಯ ಗೆರೆ. ಅಲ್ಲಿ ನಿಂತು ‘ನೀನು ಕಾವಲುಗಾರನಾದರೆ ಎಲ್ಲಿ ನಿಲ್ಲುತ್ತೀ?’ ಎಂದು ಕೇಳಿದರೆ ಏಳನೇ ತರಗತಿಯ ಮಗು ಪಾಯಿಸ್ ಹೇಳಿದ ಎರಡು ದಾರಿಯನ್ನು ತಾನೇ ಬೆರಳು ಮಾಡಿ ತೋರಿಸುತ್ತದೆ.

ಈಗ ಲೆಕ್ಕಾಚಾರದ ಮಾತು. ನವೆಂಬರಿನಿಂದ ಫೆಬ್ರುವರಿ ಮಧ್ಯದವರೆಗೆ ಒಳ್ಳೆಯ ಕಾಲ. ಮಾರ್ಚಿನಿಂದಾಚೆ ಬಂಡೆ ಒಂಬತ್ತಕ್ಕೇ ಕಾಯುತ್ತದೆ, ಮಧ್ಯಾಹ್ನ ಹೆಂಚಾಗುತ್ತದೆ. ರಾತ್ರಿ ಪ್ರಯಾಣ ಮಾಡಿ ನಿದ್ದೆಗೆಟ್ಟ ಮಕ್ಕಳನ್ನು ನೇರ ಗುಡ್ಡಕ್ಕೆ ಬಿಡಬೇಡಿ. ಹಿಂದಿನ ರಾತ್ರಿ ಗಂಗಾವತಿಯಲ್ಲೋ ಹೊಸಪೇಟೆಯಲ್ಲೋ ಉಳಿಯಿರಿ. ಗಂಗಾವತಿಯಿಂದ ಆನೆಗೊಂದಿ ಹತ್ತು ಹನ್ನೆರಡು ಕಿಲೋಮೀಟರ್. ಹೊಸಪೇಟೆ, ಕಮಲಾಪುರ ಕಡೆಯಿಂದ ಬರುವ ಬಸ್ಸಿಗೆ ಬುಕ್ಕಸಾಗರ, ಕಡೆಬಾಗಿಲು ಸೇತುವೆಯ ದಾರಿ. ಹೊರಡುವ ಮೊದಲೇ ಶೌಚ ಮುಗಿಸಿಕೊಳ್ಳಲಿ. ಗುಡ್ಡದ ಮೇಲೆ ಆ ಅನುಕೂಲವಿಲ್ಲ, ಹೆಣ್ಣುಮಕ್ಕಳು ಇದೇ ಕಾರಣಕ್ಕೆ ನೀರು ಕುಡಿಯದೆ ಹತ್ತಿ ತಲೆಸುತ್ತಿ ಕೂರುತ್ತಾರೆ. ಶಿಕ್ಷಕಿಯರು ಇದನ್ನು ಬಾಯಿಬಿಟ್ಟು ಕೇಳಬೇಕು, ಮಕ್ಕಳು ತಾವಾಗಿ ಹೇಳುವುದಿಲ್ಲ.

ಐವತ್ತು ಮಕ್ಕಳಿದ್ದರೆ ಮೂರು ಗುಂಪು ಮಾಡಿ, ಗುಂಪಿಗೆ ಇಬ್ಬರು ದೊಡ್ಡವರು: ಒಬ್ಬರು ಮುಂದೆ, ಒಬ್ಬರು ಎಲ್ಲರಿಗಿಂತ ಹಿಂದೆ. ಸೂರ್ಯ ಹುಟ್ಟಿದ ಮೇಲೆ, ಏಳರ ಸುಮಾರಿಗೆ ಎರಡು ಗುಂಪು ಕಾಲು ಗಂಟೆಯ ಅಂತರದಲ್ಲಿ ಗುಡ್ಡಕ್ಕೆ, ಮೂರನೆಯದು ಊರಿಗೆ. ಒಂಬತ್ತಕ್ಕೆ ಒಂದು ಗುಂಪು ಇಳಿದು ಜಾಗ ಬದಲಾಯಿಸಲಿ. ಹತ್ತೂವರೆಯೊಳಗೆ ಎಲ್ಲರೂ ಕೆಳಗಿರಬೇಕು. ಮಕ್ಕಳನ್ನು ಇಬ್ಬಿಬ್ಬರಂತೆ ಜೋಡಿ ಮಾಡಿ. ‘ಎಲ್ಲರೂ ಇದ್ದೀರಾ?’ ಎಂದರೆ ಐವತ್ತು ಬಾಯಿ ‘ಹೂಂ’ ಅನ್ನುತ್ತವೆ. ‘ನಿನ್ನ ಜೋಡಿ ಎಲ್ಲಿ?’ ಎಂದಾಗಲೇ ಇಲ್ಲದವನು ಗೊತ್ತಾಗುವುದು. ತಲೆಗೊಂದು ಲೀಟರ್ ನೀರು, ಟೋಪಿ, ರಬ್ಬರ್ ತಳದ ಬೂಟು. ಹೊಸ ಚಪ್ಪಲಿ ಹಾಕಿಕೊಂಡು ಬರುವ ಮಕ್ಕಳೇ ಹೆಚ್ಚು ಜಾರುವುದು, ಅದರಲ್ಲೂ ಇಳಿಯುವಾಗ. ನುಣುಪು ಬಂಡೆಯ ಮೇಲೆ ಬಿದ್ದ ಸಣ್ಣ ಗರಸು ಕಾಲಡಿ ಗೋಲಿಯಂತೆ ಉರುಳುತ್ತದೆ. ಶಿಕ್ಷಕರ ಚೀಲದಲ್ಲಿ ಸೀಟಿ, ಓಆರ್‌ಎಸ್ ಪೊಟ್ಟಣ, ಬ್ಯಾಂಡೇಜು. ಪೆಟ್ಟಾದರೆ 108ಕ್ಕೆ ಕರೆ ಮಾಡಿ, ಗಂಗಾವತಿಯಲ್ಲಿ ಸರ್ಕಾರಿ ಆಸ್ಪತ್ರೆಯಿದೆ.

ತಿಂಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಬೇಡಿ. ಇಲ್ಲಿನ ಕೋತಿಗಳಿಗೆ ತಿಂಡಿಯ ವಾಸನೆಗಿಂತ ಚೀಲದ ಚರಚರ ಸದ್ದು ಚೆನ್ನಾಗಿ ಗೊತ್ತು. ಕಸಿಯಲು ಬಂದರೆ ಬಿಟ್ಟುಬಿಡಿ. ಎಳೆದಾಡಿದರೆ ಕಚ್ಚುತ್ತವೆ, ಕಚ್ಚಿದರೆ ರೇಬಿಸ್ ಲಸಿಕೆ ತಪ್ಪಿದ್ದಲ್ಲ, ಪ್ರವಾಸ ಅಲ್ಲಿಗೆ ಮುಗಿಯಿತು. ಇನ್ನೊಂದು ಪ್ರಾಣಿಯ ಬಗ್ಗೆಯೂ ಹೇಳಬೇಕು. ಈ ಬೆಟ್ಟಸಾಲು ಚಿರತೆಯ ನೆಲೆ. 2020ರಲ್ಲಿ ಇದೇ ದುರ್ಗಾ ಬೆಟ್ಟದ ಹತ್ತಿರ ಯುವಕನೊಬ್ಬ ಚಿರತೆಗೆ ಬಲಿಯಾದ. ಹೆದರಿಸಲು ಹೇಳುತ್ತಿಲ್ಲ. ಹಗಲು ಹೊತ್ತು ಗುಂಪಿನಲ್ಲಿ ಹೋಗುವವರಿಗೆ ಭಯಪಡುವಂಥದ್ದೇನಿಲ್ಲ. ಆದರೆ ‘ಸೂರ್ಯೋದಯ ನೋಡೋಣ’ ಎಂದು ಕತ್ತಲಲ್ಲಿ ಹತ್ತುವುದು, ಸಂಜೆ ಐದರ ಮೇಲೆ ಗುಡ್ಡದಲ್ಲಿರುವುದು, ಮಗುವೊಂದನ್ನು ಒಂಟಿಯಾಗಿ ಪೊದೆ ಮರೆಗೆ ಕಳಿಸುವುದು ಬೇಡವೇ ಬೇಡ.

ಹೊಳೆಯ ವಿಚಾರದಲ್ಲಿ ಮಾತ್ರ ಸ್ವಲ್ಪ ಕಟುವಾಗಿಯೇ ಬರೆಯುತ್ತೇವೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು ಜೀವ ಕಳೆದುಕೊಂಡರು. ತುಂಗಭದ್ರೆ ಕಡಲಲ್ಲ, ನೋಡಲು ಶಾಂತ. ಅದೇ ಅವಳ ಮೋಸ. ಬಂಡೆಗಳ ನಡುವೆ ಸುಳಿಗಳಿವೆ, ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳುದ್ದದ ಮಡು ಇರುತ್ತದೆ. ಮೇಲೆ ಡ್ಯಾಮಿನಿಂದ ನೀರು ಬಿಟ್ಟರೆ ಇಲ್ಲಿ ಮೋಡವಿಲ್ಲದ ದಿನವೂ ಹೊಳೆ ಏರುತ್ತದೆ. ದಡದ ಅರವತ್ನಾಲ್ಕು ಕಂಬದ ಮಂಟಪ, ಕೃಷ್ಣದೇವರಾಯನ ಸಮಾಧಿ ಎಂದು ಜನ ತೋರಿಸುವ ಮಂಟಪ, ಮಳೆಗಾಲದಲ್ಲಿ ಎಷ್ಟೋ ಸಲ ಮುಳುಗುತ್ತದೆ. 2024ರ ಆಗಸ್ಟಿನಲ್ಲಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ನೀರು ನುಗ್ಗಿದ್ದು ನೆನಪಿರಬಹುದು. ಮಂಟಪ ನೋಡಿ, ಕಂಬ ಎಣಿಸಿ, ನೀರಿಗಿಳಿಸಬೇಡಿ. ಸಾಣಾಪುರದ ಕೆರೆಗೂ ಇದೇ ಮಾತು. ಅದು ಎಡದಂಡೆ ಕಾಲುವೆಯ ನೀರು, ಒಳಗೆ ಎಳೆತವಿದೆ, ಈಜು ಬಲ್ಲೆನೆಂದವರನ್ನೂ ನುಂಗಿದೆ.

ಹರಗೋಲು ಹತ್ತಿಸಲೇಬೇಕೆಂದರೆ ಪ್ರತಿ ಮಗುವಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಇದ್ದರೆ ಮಾತ್ರ. ದೊಡ್ಡವರ ಜಾಕೆಟ್ ಹಾಕಿದ ಮಗು ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ತೊಡೆಸಂದಿಯ ಪಟ್ಟಿ ಕಟ್ಟಿದ್ದಾರೋ ಇಲ್ಲವೋ ನೀವೇ ನೋಡಿ. ಬೆತ್ತ ಹೆಣೆದು ಹೊರಗೆ ತೊಗಲು ಹೊದಿಸಿದ, ಬುಟ್ಟಿಯಂತೆ ಗುಂಡಗಿನ, ತಿರುಗುತ್ತ ತಿರುಗುತ್ತ ಸಾಗುವ ಈ ದೋಣಿಯನ್ನು ಪಾಯಿಸ್ ಕಂಡಿದ್ದ. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ, ಉಳಿದದ್ದು ಹಾಗೆಯೇ ಇದೆ. ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ ಎಂದೂ ಅವನು ಬರೆದಿದ್ದಾನೆ. ಅದು ನಿಮಗೆ ಪರವಾನಗಿಯಲ್ಲ.

ಹೊಳೆಯ ದಂಡೆಯಲ್ಲಿ ಹೇಳಲೇಬೇಕಾದ ಪಾಠವೊಂದಿದೆ. ಈ ನೀರಿನಲ್ಲಿ ಎರಡು ಮುರಿದ ಸೇತುವೆಗಳಿವೆ. ಒಂದು ಪುರಂದರ ಮಂಟಪದ ಕಡೆಯ ವಿಜಯನಗರ ಕಾಲದ್ದು, ಅದರ ಕಲ್ಲುಕಂಬಗಳ ಸಾಲು ಇನ್ನೂ ನೆರೆ ತಡೆದು ನಿಂತಿದೆ. ಇನ್ನೊಂದು ತಳವಾರಘಟ್ಟದ ಬಳಿ ನಮ್ಮ ಕಾಲದಲ್ಲಿ ಕಟ್ಟುತ್ತಿದ್ದದ್ದು, 2009ರ ಜನವರಿಯಲ್ಲಿ ಕುಸಿದು ಕೆಲಸಗಾರರನ್ನು ಬಲಿ ತೆಗೆದುಕೊಂಡಿತು. ಹೊಳೆಗೆ ಗಡಿಯ ಚರಿತ್ರೆಯೂ ಇದೆ. ಈಚೆ ದಡ ನಿಜಾಮರದು, ಆಚೆ ದಡದ ಹಂಪಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯದು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ, ಕೊಪ್ಪಳವನ್ನೂ ಒಳಗೊಂಡಿದ್ದ ರಾಯಚೂರು ಜಿಲ್ಲೆ ಬಂದದ್ದು 1956ರಲ್ಲಿ. ಇಂದಿಗೂ ಹರಗೋಲು ಹತ್ತಿದರೆ ಜಿಲ್ಲೆ ಬದಲಾಗುತ್ತದೆ: ಈಚೆ 1997ರಲ್ಲಿ ಆದ ಕೊಪ್ಪಳ, ಆಚೆ 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ. ಒಂದೇ ರಾಜಧಾನಿಯ ಎರಡು ದಡಕ್ಕೆ ಎರಡು ಕಚೇರಿ. ಪ್ರವಾಸದ ಅನುಮತಿ ಪತ್ರದಲ್ಲಿ ಎರಡೂ ಜಿಲ್ಲೆಗಳ ಹೆಸರು ಬರೆಸಿ, ಎರಡೂ ದಡದ ಠಾಣೆಗಳ ಸಂಖ್ಯೆ ಇಟ್ಟುಕೊಳ್ಳಿ.

ಊರೊಳಗೆ ಬಸ್ಸು ತರಬೇಡಿ. ಹೊರಗೆ ನಿಲ್ಲಿಸಿ ನಡೆದು ಬನ್ನಿ. ದೊಡ್ಡ ಬಸ್ಸು ತಿರುವುವಷ್ಟು ಅಗಲವಾಗಿ ಇಲ್ಲಿನ ಓಣಿಗಳನ್ನು ಯಾರೂ ಕಟ್ಟಿಲ್ಲ, ಹಿಂದಕ್ಕೆ ತೆಗೆಯುವಾಗ ಬಂಪರ್ ತಗಲುವುದು ಯಾರದೋ ಮನೆಯ ಕಟ್ಟೆಗೆ, ಇಲ್ಲವೇ ಹಳೆಯ ಕಂಬಕ್ಕೆ. ‘ಸಂದಿಗೊಂದಿ’ ಅನ್ನುತ್ತೀರಲ್ಲ, ಆ ಗೊಂದಿಯೇ ಊರ ಹೆಸರಿನಲ್ಲಿದೆ. ರಂಗನಾಥನ ಗುಡಿಯ ಮುಂದಿನ ಬಯಲು, ತೇರು, ಎದುರಿಗೆ ಗಗನಮಹಲು. ಗಗನಮಹಲಿನ ಕಮಾನು ಕಿಟಕಿಗಳನ್ನೂ ರಂಗನಾಥನ ಗುಡಿಯ ಕಂಬಗಳನ್ನೂ ಅಕ್ಕಪಕ್ಕ ನೋಡಿಸಿದರೆ ಎರಡು ಬಗೆಯ ಕಟ್ಟೋಣ ಒಂದೇ ಅಂಗಳದಲ್ಲಿ ಬಾಳಿದ್ದು ಮಕ್ಕಳಿಗೆ ಹೇಳದೆಯೇ ತಿಳಿಯುತ್ತದೆ. ತೇರಿನ ಗಾಲಿಯ ಮೇಲೆ ಹತ್ತಿಸಿ ಫೋಟೊ ತೆಗೆಯಬೇಡಿ. ಅದು ವಸ್ತುಸಂಗ್ರಹಾಲಯದ ತುಂಡಲ್ಲ, ಊರ ದೇವರ ತೇರು. ಹಾಗೆಯೇ ಹಳೆಯ ಮನೆಗಳು ಕೂಡ. ಕಂಬದ ಪಡಸಾಲೆ ಚೆನ್ನಾಗಿದೆಯೆಂದು ಚಪ್ಪಲಿ ಕಾಲಲ್ಲಿ ಒಳನುಗ್ಗಿ, ಅಡುಗೆ ಮಾಡುತ್ತಿದ್ದವರ ಕಡೆ ಮೊಬೈಲ್ ಹಿಡಿದರೆ ಮನೆಯವರಿಗೆ ಹೇಗಾಗಬೇಡ? ಬಾಗಿಲಲ್ಲಿ ನಿಂತು ‘ಅಮ್ಮಾ, ಒಳಗ ಬರಬಹುದೇನ್ರಿ?’ ಅಂದರೆ ನೂರಕ್ಕೆ ತೊಂಬತ್ತು ಮನೆಯವರು ಕರೆದು ನೀರು ಕೊಡುತ್ತಾರೆ. ಬಾಳೆನಾರಿನ ಕೆಲಸ ಮಾಡುವ ಹೆಣ್ಣುಮಕ್ಕಳಿದ್ದಾರೆ. ಗೊನೆ ಕಡಿದ ಮೇಲೆ ಕಸವೆಂದು ಬಿಡುವ ದಿಂಡಿನ ಪಟ್ಟಿ ಒಣಗಿ, ಹೊಸೆದು, ಚೀಲವಾಗುವುದನ್ನು ಮಕ್ಕಳು ಅರ್ಧ ಗಂಟೆ ಕೂತು ನೋಡಲಿ. ಊಟಕ್ಕೆ ಊರ ಹೋಟೆಲಿಗೆ ಹಿಂದಿನ ದಿನವೇ ಫೋನ್ ಮಾಡಿ ತಲೆ ಲೆಕ್ಕ ಹೇಳಿ. ದಿಢೀರನೆ ಐವತ್ತು ಜನ ಬಂದರೆ ಮಂಡಕ್ಕಿ, ಮಿರ್ಚಿ ಬಿಟ್ಟು ಬೇರೇನೂ ಸಿಗದು. (ಮಂಡಕ್ಕಿ ಮಿರ್ಚಿ ಕೆಟ್ಟದ್ದೇನಲ್ಲ.)

ಇನ್ನು ಏನು ಹೇಳಿಕೊಡುತ್ತೀರಿ ಎಂಬ ಮಾತು. ಇದು ಕಿಷ್ಕಿಂಧೆ ಎಂದು ಹೇಳಿ, ವಾಲಿ ಸುಗ್ರೀವರ ಕಥೆ ಹೇಳಿ, ಇಲ್ಲಿನ ಚಿಂತಾಮಣಿ ಗುಡಿಯ ಬಳಿ ರಾಮ ಬಾಣ ಹೂಡಿದ ಜಾಗವೆಂದು ಜನ ತೋರಿಸುವುದನ್ನೂ ತೋರಿಸಿ. ಆದರೆ ಅಲ್ಲಿಗೇ ನಿಲ್ಲಬೇಡಿ. ಗೋಡೆ ಕಟ್ಟಿದವರು ಮನುಷ್ಯರು. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ಮೇಲೆ ದಂಗೆಯೆದ್ದ ಅವನ ಹತ್ತಿರದ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ಓಡಿಬಂದು ಈ ಸೀಮೆಯ ಅರಸ ಕಂಪಿಲರಾಯನ ಮೊರೆಹೊಕ್ಕ. ಮೊರೆಹೊಕ್ಕವನನ್ನು ಒಪ್ಪಿಸಲು ಒಪ್ಪದ ರಾಯ 1327ರ ಹೊತ್ತಿಗೆ ರಾಜ್ಯವನ್ನೂ ಜೀವವನ್ನೂ ಕಳೆದುಕೊಂಡ. ಅವನ ಮಗನೇ ನಮ್ಮ ಹಾಡು ಕಥೆಗಳ ಕುಮಾರರಾಮ. ಅವರ ಕುಮ್ಮಟದುರ್ಗ ಇದೇ ಸೀಮೆಯದು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇಂದಿಗೂ ತಾಲೂಕು ಊರು. ಆ ಬೂದಿಯಿಂದ ಹತ್ತೇ ವರ್ಷದಲ್ಲಿ, 1336ರಲ್ಲಿ, ಹರಿಹರ ಬುಕ್ಕರ ರಾಜ್ಯ ಎದ್ದಿತು. ಮೊದಲು ಆನೆಗೊಂದಿಯಲ್ಲಿ ನೆಲೆ, ಆಮೇಲೆ ಹೊಳೆ ದಾಟಿ ಆಚೆ. 1565ರಲ್ಲಿ ಆಚೆಯದು ಹಾಳಾದ ಮೇಲೂ ಅರಸರ ವಂಶದವರು ಈಚೆಯ ಹಳೇ ಊರನ್ನೇ ಹಿಡಿದು ಉಳಿದರು. ಪುರಾಣ ಒಂದು ಪಾಠ, ಇದು ಇನ್ನೊಂದು. ಎರಡನ್ನೂ ಕಲಸಿ ಹೇಳುವ ಗೈಡುಗಳಿದ್ದಾರೆ. ನೀವು ಬಿಡಿಸಿ ಹೇಳಿ.

ನವಬೃಂದಾವನ ನಡುಗಡ್ಡೆಗೆ ಶಾಲೆಯ ಗುಂಪನ್ನು ಒಯ್ಯುವ ಅಗತ್ಯ ನಮಗೆ ಕಾಣುವುದಿಲ್ಲ. ಒಂಬತ್ತು ಯತಿಗಳ ಬೃಂದಾವನವಿರುವ, ಮೌನ ಬೇಡುವ ಜಾಗ. ಅದರಲ್ಲಿ ವ್ಯಾಸರಾಜರ ಬೃಂದಾವನವನ್ನು 2019ರ ಜುಲೈನಲ್ಲಿ ನಿಧಿಯಾಸೆಗೆ ಕಿಡಿಗೇಡಿಗಳು ಒಡೆದುಹಾಕಿದರು. ಅದೇ ವರ್ಷ ಫೆಬ್ರುವರಿಯಲ್ಲಿ ಹಂಪಿಯಲ್ಲಿ ಕಂಬ ಬೀಳಿಸಿ ವಿಡಿಯೊ ಮಾಡಿದ ನಾಲ್ವರು ಯುವಕರಿಗೆ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸುವಂತೆ ಮಾಡಿತು. ಈ ಎರಡು ಸುದ್ದಿಯನ್ನು ಬಸ್ಸಿನಲ್ಲೇ ಓದಿ ಹೇಳಿ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2010ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡವಿದೆ ಎಂಬುದನ್ನೂ. ಬಂಡೆಯ ಮೇಲೆ ಸೀಮೆಸುಣ್ಣದಲ್ಲಿ ಶಾಲೆಯ ಹೆಸರು ಬರೆಯುವುದು ಮೊದಲ ಹೆಜ್ಜೆ, ಮೊಳೆಯಲ್ಲಿ ಕೆತ್ತುವುದು ಎರಡನೆಯದು.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಬರುವ ಪ್ರವಾಸದ ಹಾಳೆ ಬರೆಯುವಾಗ ಹನ್ನೆರಡು ಜಾಗಗಳಲ್ಲಿ ಐದನ್ನು ಹೊಡೆದುಹಾಕಿ. ಮೊದಲು ಹೊಡೆಯಬೇಕಾದದ್ದು ಸಂಜೆಯ ಕಾರಂಜಿ. ಹಂಪಿಗೊಂದು ದಿನ, ಮರುದಿನ ಬೆಳಿಗ್ಗೆ ಏಳರಿಂದ ಮಧ್ಯಾಹ್ನದವರೆಗೆ ಆನೆಗೊಂದಿ, ಊಟ, ವಿಶ್ರಾಂತಿ, ನಾಲ್ಕಕ್ಕೆ ಬಿಸಿಲು ಇಳಿದ ಮೇಲೆ ಅಂಜನಾದ್ರಿ. ಬಸ್ಸಿನವರ ಜೊತೆ ‘ಕಾಯುವ ಸಮಯ’ ಎಷ್ಟೆಂದು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ. ಆಮೇಲೆ ಹಾರ್ನ್ ಬಾರಿಸಲು ಅವರಿಗೆ ಕಾರಣವಿರುವುದಿಲ್ಲ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಪಾಲಕರು ‘ಬರೀ ಇಷ್ಟೇ ಜಾಗಾನಾ?’ ಎಂದು ಕೇಳಿದರೆ ಈ ಪತ್ರ ತೋರಿಸಿ, ಬೈಗುಳ ನಮ್ಮ ಪಾಲಿಗಿರಲಿ.

ಬರುವ ವಾರವನ್ನು ಮೊದಲೇ ತಿಳಿಸಿದರೆ ಗುಡ್ಡದ ದಾರಿ ಬಲ್ಲವರೊಬ್ಬರು ಬಾಗಿಲ ಹತ್ತಿರ ಕಾದಿರುತ್ತಾರೆ. ಬರುವಾಗ ಖಾಲಿ ಗೋಣಿಚೀಲ ಎರಡು ತನ್ನಿ, ಕಸ ಇಳಿಸಿಕೊಂಡು ಹೋಗಲು.

ಇಂತಿ ತಮ್ಮ ವಿಶ್ವಾಸಿಗಳು,
ಆನೆಗೊಂದಿಯ ಕೋಟೆ ಗುಡ್ಡ ಬಲ್ಲ ಕೆಲವರು
ಗಂಗಾವತಿ ತಾಲೂಕು, ಕೊಪ್ಪಳ ಜಿಲ್ಲೆ